ಹಳೆಯ ಮನೆಯನ್ನು ಕೊಳ್ಳುವುದೆಂದರೆ: ಕೊಪ್ಪಳ ಸೀಮೆಯ ಒಂದು ಇತಿಹಾಸಪಾಠ

ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ‘ಹಸ್ತಶಿಲ್ಪ’ ಎಂಬ ಪಾರಂಪರಿಕ ಗ್ರಾಮವಿದೆ. ಬೇರೆ ಬೇರೆ ಊರುಗಳಲ್ಲಿ ಪಾಳುಬಿದ್ದಿದ್ದ ಅಥವಾ ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಕೊಂಡು, ಕಂಬ, ತೊಲೆ, ಬಾಗಿಲುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಅಲ್ಲಿಗೆ ಸಾಗಿಸಿ, ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಈ ಕೆಲಸಕ್ಕೆ ಕೊಟ್ಟು 2017ರಲ್ಲಿ ತೀರಿಕೊಂಡರು. ಅಲ್ಲಿ ಮುಧೋಳದ ದರ್ಬಾರು ಸಭಾಂಗಣವಿದೆ, ಹರ್ಕೂರಿನ ಮನೆಯಿದೆ. ಅವುಗಳ ನಡುವೆ ‘ಕುಕನೂರಿನ ಕಮಲ ಮಹಲು’ ಕೂಡ ಇದೆ. ಈ ಕುಕನೂರು ನಮ್ಮ ಕೊಪ್ಪಳ ಜಿಲ್ಲೆಯದು. ಬಹುಕಾಲ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಇತ್ತೀಚೆಗೆ ತಾನೇ ತಾಲ್ಲೂಕು ಕೇಂದ್ರವಾದ ಊರು.

ಘಟ್ಟದ ಕೆಳಗೆ, ಮುನ್ನೂರು ಕಿಲೋಮೀಟರಿಗೂ ದೂರದ ಸ್ಥಳದಲ್ಲಿ ನಮ್ಮ ಸೀಮೆಯ ಕಟ್ಟಡವೊಂದು ಸುರಕ್ಷಿತವಾಗಿ ನಿಂತಿರುವುದು ಸಂತೋಷದ ವಿಷಯವೇ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆಯೂ ಹುಟ್ಟಬೇಕು. ಕಟ್ಟಡ ಉಳಿಯಿತು, ಅದು ಹುಟ್ಟಿದ ಊರಿನಲ್ಲಿ ಉಳಿಯಲಿಲ್ಲ. ಹಳೆಯ ಮನೆಯೊಂದು ಇದ್ದ ಜಾಗದಲ್ಲೇ ಉಳಿಯಬೇಕಾದರೆ ಅದನ್ನು ಕೊಳ್ಳುವವನು ನಿಜವಾಗಿ ಏನನ್ನು ಕೊಳ್ಳಬೇಕು? ಕಲ್ಲು, ಮರ, ಮಣ್ಣನ್ನು ಹಣ ಕೊಟ್ಟು ಕೊಳ್ಳಬಹುದು. ಆ ಮನೆಯನ್ನು ನೂರಾರು ವರ್ಷ ನಿಲ್ಲಿಸಿದ್ದು ಆ ಸಾಮಗ್ರಿಗಳು ಮಾತ್ರವೇ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಮನೆಗಳು ಮಾರಾಟಕ್ಕೆ ಬಂದ ಬಗೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರಚನೆಯಾದಾಗ ಅದರಲ್ಲಿ ಇದ್ದದ್ದು ಈ ನಾಲ್ಕೇ ತಾಲ್ಲೂಕುಗಳು. 1948ರವರೆಗೆ ಇದೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರುಗಳಾಗಿದ್ದವು. ಊರೂರಿನಲ್ಲಿ ದೇಸಾಯಿ, ಗೌಡ, ಕುಲಕರ್ಣಿಗಳ ವಾಡೆಗಳು, ಸಾಹುಕಾರರ ಮಾಳಿಗೆ ಮನೆಗಳು ಎದ್ದಿದ್ದವು. ಇವುಗಳ ವೆಚ್ಚ ನಡೆಯುತ್ತಿದ್ದುದು ಗೇಣಿಯ ಜೋಳದಿಂದ, ವಂಶಪಾರಂಪರ್ಯದ ಹುದ್ದೆಗಳಿಂದ, ಬಡ್ಡಿ ವ್ಯವಹಾರದಿಂದ. ದುರಸ್ತಿ ನಡೆಯುತ್ತಿದ್ದುದು ಜೀತದಾಳುಗಳ ಮತ್ತು ಕಾಳಿಗೆ ದುಡಿಯುವ ಆಯಗಾರರ ಶ್ರಮದಿಂದ.

1949ರಲ್ಲಿ ಜಹಗೀರುಗಳು ರದ್ದಾದವು. 1956ರಲ್ಲಿ ಈ ಸೀಮೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕೆಗಳನ್ನು ಕೊನೆಗೊಳಿಸಿತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು, 1976ರಲ್ಲಿ ಜೀತಪದ್ಧತಿಯನ್ನು ಕಾನೂನು ನಿಷೇಧಿಸಿತು. ಇವೆಲ್ಲವೂ ನ್ಯಾಯವಾದ ಬದಲಾವಣೆಗಳು. ಆದರೆ ಅವುಗಳ ಜೊತೆಯಲ್ಲೇ ದೊಡ್ಡ ಮನೆಗಳನ್ನು ಹೊತ್ತು ನಿಂತಿದ್ದ ಆದಾಯವೂ, ಸಂಬಳವಿಲ್ಲದ ದುಡಿಮೆಯೂ ನಿಂತುಹೋದವು. ಹಳೆಯ ವಾಡೆಯ ಮುಂದೆ ನಿಂತು ‘ಎಂಥ ವೈಭವ’ ಎನ್ನುವಾಗ, ಆ ವೈಭವದ ಮಾಳಿಗೆಗೆ ಮಣ್ಣು ಹೊತ್ತವರು ಯಾರು ಎಂಬುದನ್ನೂ ಕೇಳಬೇಕು.

ಇನ್ನೊಂದು ಕಾರಣ ನೀರು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು, 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿಸಿತು. ಭತ್ತದ ಹಣ ಬಂದ ಊರುಗಳಲ್ಲಿ ಜನ ಹಳೆಯ ಮಾಳಿಗೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಕೊಂಡರು. ಕುಷ್ಟಗಿ ಮತ್ತು ಯಲಬುರ್ಗಾದ ಬಹುಭಾಗ ಮಳೆಯನ್ನೇ ನಂಬಿದ ಎರಿ ಮತ್ತು ಮಸಾರಿ ಭೂಮಿ. ಅಲ್ಲಿ ಬರ ಬಂದಾಗ ಜನ ಬೆಂಗಳೂರು, ಮಂಗಳೂರು, ಗೋವಾಗಳಿಗೆ ದುಡಿಯಲು ಹೋದರು, ಮನೆಗಳಿಗೆ ಬೀಗ ಬಿತ್ತು. ಹೀಗೆ ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಹಳೆಯ ಮನೆ ಸಿರಿತನದಿಂದ ಹೋಯಿತು, ಇನ್ನೊಂದು ಕಡೆ ಬಡತನದಿಂದ ಹೋಯಿತು.

ಕಾಗದಪತ್ರಗಳ ಒಳಗಿನ ಇತಿಹಾಸ

ಇಂಥ ಮನೆಯೊಂದನ್ನು ಕೊಳ್ಳಲು ಹೊರಟವನು ಮೊದಲು ಓದಬೇಕಾದದ್ದು ಗೋಡೆಗಳನ್ನಲ್ಲ, ಕಾಗದಗಳನ್ನು. 1948ಕ್ಕಿಂತ ಹಿಂದಿನ ಸರಕಾರಿ ದಾಖಲೆಗಳು ಬಹುಪಾಲು ಉರ್ದುವಿನಲ್ಲಿರುತ್ತವೆ. ಬೆಲೆಯನ್ನು ಹೈದರಾಬಾದಿನ ‘ಹಾಲಿ ಸಿಕ್ಕಾ’ ರೂಪಾಯಿಗಳಲ್ಲಿ ಬರೆದಿರುತ್ತಾರೆ. ವರ್ಷ ಫಸಲಿಯದು. ಫಸಲಿ ವರ್ಷಕ್ಕೆ 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಉದಾಹರಣೆಗೆ 1350ನೆಯ ಫಸಲಿ ಎಂದರೆ 1940ರ ಅಕ್ಟೋಬರಿನಿಂದ 1941ರ ಅಕ್ಟೋಬರಿನವರೆಗಿನ ಕಾಲ. ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದ ಸಿಕ್ಕರೆ, ಅದನ್ನು ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕಾಗದದಲ್ಲಿ ಒಬ್ಬನ ಹೆಸರಿದ್ದ ಮಾತ್ರಕ್ಕೆ ಮನೆ ಅವನೊಬ್ಬನದೇ ಆಗುವುದಿಲ್ಲ. ಈ ವಿಚಾರದ ಮೂಲವನ್ನು ಹುಡುಕಿದರೆ ನಾವು ಚಾಲುಕ್ಯರ ಕಾಲಕ್ಕೆ ಹೋಗುತ್ತೇವೆ. ಕುಕನೂರಿಗೆ ಸಮೀಪದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಭವ್ಯ ದೇವಾಲಯವನ್ನು ಕಟ್ಟಿಸಿದ. ಅದೇ ವಿಕ್ರಮಾದಿತ್ಯನ ಕಾಲದಲ್ಲಿ, ಅವನ ರಾಜಧಾನಿ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅವನ ಪ್ರಸಿದ್ಧ ನಿರ್ಣಯ. ಭೂಮಿಯು ಕೈಬದಲಾಗುವ ಬಗೆಯನ್ನೂ ಅವನು ಚರ್ಚಿಸಿದ್ದಾನೆ. ಊರವರ, ಬಂಧುಗಳ, ನೆರೆಹೊರೆಯವರ, ದಾಯಾದಿಗಳ ಒಪ್ಪಿಗೆ ಇರಬೇಕು, ಹೊನ್ನು ಮತ್ತು ನೀರನ್ನು ಧಾರೆಯೆರೆದು ಕೊಡಬೇಕು ಎಂಬ ಹಳೆಯ ವಿಧಿಯನ್ನು ಎತ್ತಿಕೊಂಡು ಒಂದೊಂದರ ಕಾರಣವನ್ನೂ ಬಿಡಿಸಿ ಹೇಳುತ್ತಾನೆ. ಊರವರ ಒಪ್ಪಿಗೆ ವ್ಯವಹಾರ ಬಹಿರಂಗವಾಗಲೆಂದು, ನೆರೆಯವರದು ಎಲ್ಲೆಯ ಜಗಳ ಹುಟ್ಟದಿರಲೆಂದು, ದಾಯಾದಿಗಳದು ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲೆಂದು.

ಒಂಬತ್ತು ಶತಮಾನಗಳ ಬಳಿಕ ಇಂದಿನ ಕಾನೂನು ಕೇಳುವುದೂ ಹೆಚ್ಚು ಕಡಿಮೆ ಇದನ್ನೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಇದು ಊರವರಿಗೆ ತಿಳಿಸುವ ಆಧುನಿಕ ಬಗೆ. ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರ, ಆ ಮನೆಯ ಮೇಲೆ ನೋಂದಾಯಿತ ಅಡಮಾನ, ಮಾರಾಟಗಳು ಇವೆಯೇ ಎಂಬುದನ್ನು ತೋರಿಸುತ್ತದೆ. ಚೆಕ್ಕುಬಂದಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುತ್ತದೆ. ಪಂಚಾಯಿತಿಯ ಅಥವಾ ಪುರಸಭೆಯ ಖಾತೆ ಮುಖ್ಯವಾಗಿ ತೆರಿಗೆಯ ಲೆಕ್ಕಕ್ಕಾಗಿ ಇರುವಂಥದು. ಖಾತೆ ಇದ್ದ ಮಾತ್ರಕ್ಕೆ ಒಡೆತನ ಸಿದ್ಧವಾಯಿತೆಂದು ತಿಳಿಯಬಾರದು.

ದಾಯಾದಿಗಳ ಪಟ್ಟಿ ಮಾತ್ರ ಬದಲಾಗಿದೆ. ಮಿತಾಕ್ಷರಾ ಕುಟುಂಬದ ಹುಟ್ಟುಹಕ್ಕಿನಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವಿರಲಿಲ್ಲ. ಕರ್ನಾಟಕ 1994ರಲ್ಲಿ ತಂದ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಆ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಆದ್ದರಿಂದ ಅಣ್ಣತಮ್ಮಂದಿರು ಮಾತ್ರ ಸಹಿ ಮಾಡಿ ಮಾರಿದ ಹಳೆಯ ಮನೆಯ ಬಾಗಿಲಿಗೆ ನಾಳೆ ಅಕ್ಕತಂಗಿಯರ ನೋಟೀಸು ಬಂದರೆ ಅಚ್ಚರಿಪಡಬೇಕಾಗಿಲ್ಲ. ಒಬ್ಬನ ಪಾಲನ್ನಷ್ಟೇ ಕೊಂಡ ಹೊರಗಿನವನ ಸ್ಥಿತಿ ಇನ್ನೂ ಕಷ್ಟ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಜೊತೆಯಾಗಿ ವಾಸಿಸುವ ಹಕ್ಕು ಅವನಿಗೆ ದೊರೆಯದು. ಅವನು ಪಾಲಿಗಾಗಿ ದಾವೆ ಹೂಡಿದರೆ, ಕೋರ್ಟು ಗೊತ್ತುಮಾಡಿದ ಬೆಲೆಗೆ ಆ ಪಾಲನ್ನು ತಿರುಗಿ ಕೊಂಡುಕೊಳ್ಳುವ ಅವಕಾಶವನ್ನು 1893ರ ವಿಭಾಗ ಕಾಯ್ದೆ ಕುಟುಂಬದವರಿಗೆ ಕೊಟ್ಟಿದೆ.

ಮಾಳಿಗೆ, ಗೋಡೆ, ಹಗೇವು

ಕಾಗದ ಸರಿಯಾಗಿದ್ದರೆ ಮನೆಯೊಳಗೆ ಹೋಗಬಹುದು. ನಮ್ಮ ಸೀಮೆಯ ಮಾಳಿಗೆ ಮನೆಗೆ ದಪ್ಪ ಗೋಡೆ, ಮುಂದೆ ಕಟ್ಟೆ, ದೊಡ್ಡ ಬಾಗಿಲು, ದನಗಳಿಗೆ ಗೋದಲಿ, ಎತ್ತರದಲ್ಲಿ ಪಡಸಾಲೆ, ಒಳಗೆ ಅಡುಗೆಮನೆ ಮತ್ತು ದೇವರಮನೆ, ಮೇಲೆ ಬೆಳಕಿಂಡಿ. ನೇಕಾರರ ಮನೆಯಾದರೆ ನೆಲದಲ್ಲಿ ಕುಣಿ ಮಗ್ಗದ ಗುಂಡಿಯಿರುತ್ತದೆ. ಇಳಕಲ್ಲಿನ ನೆರೆಯ ಕುಷ್ಟಗಿ ಭಾಗದಲ್ಲಿ, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನೇಕಾರಿಕೆ ಬಹುಕಾಲದಿಂದ ಇದೆ. ಮುಚ್ಚಿದ ಗುಂಡಿಯ ಗುರುತೊಂದು ಆ ಮನೆಯ ಕಸುಬನ್ನೇ ಹೇಳಿಬಿಡುತ್ತದೆ.

ಮಾಳಿಗೆಯ ರಚನೆಯನ್ನು ತಿಳಿಯದೆ ದುರಸ್ತಿಗೆ ಕೈಹಾಕಬಾರದು. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ದಪ್ಪ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ತೆಳು ಪದರ. ಸವುಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರವಾಗುವುದು ಹೀಗೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಗೆ ಇದು ಸಾಕಾಗುತ್ತಿತ್ತು. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ, ದೋಣಿಗಳನ್ನು ಸ್ವಚ್ಛ ಮಾಡಲೇಬೇಕು. ಬೀಗ ಬಿದ್ದ ಮನೆಯಲ್ಲಿ ಮೊದಲು ನಿಂತುಹೋಗುವುದು ಈ ಕೆಲಸ. ನೀರು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗೆ ಇಳಿಯುತ್ತದೆ, ತುದಿ ಕೊಳೆಯುತ್ತದೆ, ಮಾಳಿಗೆ ಒಂದು ರಾತ್ರಿ ಕುಸಿಯುತ್ತದೆ. ನೂರು ವರ್ಷ ನಿಂತ ಮನೆ ಕೆಲವೇ ಮಳೆಗಾಲಗಳ ಅಲಕ್ಷ್ಯದಿಂದ ನೆಲಕ್ಕೆ ಬೀಳುವ ಗುಟ್ಟು ಇದೇ.

ಅತಿಯಾದ ಆರೈಕೆಯಿಂದಲೂ ಕೇಡಿದೆ. ವರ್ಷ ವರ್ಷ ಹಳೆಯ ಮಣ್ಣನ್ನು ತೆಗೆಯದೆ ಹೊಸದನ್ನು ಸುರಿದರೆ ಭಾರ ಏರುತ್ತದೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ಇದರ ಮೇಲೆ ‘ಇನ್ನು ಸೋರದಿರಲಿ’ ಎಂದು ಕಾಂಕ್ರೀಟು ಹಾಕಿದರೆ ಹಳೆಯ ಮರ ತಾಳಲಾರದು. ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡುವುದೂ ಇಂಥದೇ ತಪ್ಪು. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ನುಣುಪಾಗಿ ಕಂಡರೂ ಒಳಗೆ ಮಣ್ಣು ಮೆತ್ತಗಾಗಿ ಗೋಡೆ ಉಬ್ಬುತ್ತದೆ.

ಮತ್ತೊಂದು ಎಚ್ಚರಿಕೆ ಹಗೇವಿನದು. ಜೋಳವನ್ನು ತುಂಬಿಡಲು ನೆಲದಡಿಯಲ್ಲಿ ತೋಡಿದ ಈ ಕಣಜಗಳು ಪಡಸಾಲೆಯಲ್ಲಿಯೂ ಮನೆಯ ಮುಂದೆಯೂ ಇರುತ್ತವೆ. ಬಾಯಿ ಮುಚ್ಚಿ, ಮೇಲೆ ಕಲ್ಲು ಹಾಸಿ ಮರೆತುಬಿಟ್ಟಿರುತ್ತಾರೆ. ಹೊಸ ಗೋಡೆಯ ಭಾರ ಬಿದ್ದರೆ ನೆಲ ಕುಸಿಯಬಹುದು. ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ಹಿಂದಿನವರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕುತೂಹಲಕ್ಕಾಗಿ ಯಾರೂ ಅದರೊಳಗೆ ಇಳಿಯಬಾರದು.

ಊರು ಮತ್ತು ಕಾನೂನು

ಮನೆ ನಿಮ್ಮದಾದ ಮಾತ್ರಕ್ಕೆ ಅದನ್ನು ಮನಬಂದಂತೆ ಮಾರ್ಪಡಿಸುವ ಸ್ವಾತಂತ್ರ್ಯ ಎಲ್ಲ ಕಡೆಯೂ ಇರುವುದಿಲ್ಲ. ಇಟಗಿಯ ದೇವಾಲಯದಂಥ ಕೇಂದ್ರ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಯ ದುರಸ್ತಿಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು.

ಗಂಗಾವತಿ ತಾಲ್ಲೂಕಿನ ಆನೆಗೊಂದಿ ಇನ್ನೂ ಸೂಕ್ಷ್ಮವಾದ ಸ್ಥಳ. ವಿಜಯನಗರ ನಗರಕ್ಕಿಂತ ಹಳೆಯದಾದ ಈ ಊರಿನಲ್ಲಿ ಕೋಟೆಬಾಗಿಲು, ಗಗನ ಮಹಲು, ರಂಗನಾಥ ದೇವಾಲಯಗಳ ನಡುವೆಯೇ ಜನವಸತಿಯಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಬಳಿ ತುಂಗಭದ್ರೆಗೆ ಕಟ್ಟತೊಡಗಿದ ಸೇತುವೆಯೂ ಸೇರಿದಂತೆ ಹಲವು ಕಾರಣಗಳಿಂದ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಹೊರಬಂತು. ಕೆಲಸ ಮುಗಿಯದಿದ್ದ ಆ ಸೇತುವೆ 2009ರಲ್ಲಿ ಕುಸಿದುಬಿತ್ತು. 2002ರ ಕಾಯ್ದೆಯಂತೆ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ನದಿಯ ಎರಡೂ ದಂಡೆಯ 29 ಹಳ್ಳಿಗಳು ಬಂದವು. ನಿಯಮ ಮೀರಿ ಕಟ್ಟಿದರೆ ಏನಾಗುವುದೆಂಬುದಕ್ಕೆ ವಿರೂಪಾಪುರ ಗಡ್ಡೆಯೇ ಸಾಕ್ಷಿ. ಅಲ್ಲಿನ ಅನಧಿಕೃತ ವಸತಿಗೃಹಗಳ ತೆರವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮರು ತಿಂಗಳೇ ಅವು ನೆಲಸಮವಾದವು.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದೆ. ಊರಿನ ರೂಪ ಕೆಡಬಾರದೆಂದು ನಾಡೆಲ್ಲ ಬಯಸುತ್ತದೆ. ಆದರೆ ಮಾಳಿಗೆಗೆ ಮಣ್ಣು ಹಾಕಿಸುವ ಖರ್ಚು ಆ ಮನೆಯವನದು. ಹಿಂದೆ ಆ ಭಾರವನ್ನು ಜೀತದಾಳು ಹೊತ್ತ. ಇಂದು ಅದನ್ನು ಬಡ ಮನೆಯವನೊಬ್ಬನ ಮೇಲೆಯೇ ಹೊರಿಸಿದರೆ ಅವನು ಮನೆಯನ್ನು ಮರದ ಬೆಲೆಗೆ ಮಾರಿದರೆ ತಪ್ಪೇನು?

ಎರಡು ದಾರಿಗಳು

ಇದಕ್ಕೆ ಒಂದು ಉತ್ತರವನ್ನು ಆನೆಗೊಂದಿಯಲ್ಲೇ ಕಾಣಬಹುದು. 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್, ಕಲಾವಿದೆ ಶಮಾ ಪವಾರ್ ಅವರ ಮುಂದಾಳತ್ವದಲ್ಲಿ, ಊರಿನ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕರಕುಶಲವನ್ನು ಕಲಿಸಿತು. ಊರಿನ ಹಳೆಯ ಮನೆಗಳನ್ನು ದುರಸ್ತಿಮಾಡಿ ಪ್ರವಾಸಿಗರು ಇಳಿದುಕೊಳ್ಳುವ ತಾಣಗಳನ್ನಾಗಿ ಮಾಡುವ ಕೆಲಸವೂ ನಡೆಯಿತು. ಮನೆ ತನ್ನ ಖರ್ಚನ್ನು ತಾನೇ ದುಡಿಯುವಂತಾದರೆ ಅದರ ಮಾಳಿಗೆಯ ಮೇಲೆ ದುಡಿದವರಿಗೆ ಕೂಲಿ ಕೊಡಲು ಸಾಧ್ಯವಾಗುತ್ತದೆ.

ಇಟಲಿಯ ಸಿಸಿಲಿ ದ್ವೀಪದಲ್ಲಿಯೂ ನಮ್ಮ ಕುಷ್ಟಗಿ, ಯಲಬುರ್ಗಾಗಳಂತೆ ಜನ ದುಡಿಮೆಗಾಗಿ ಊರು ಬಿಟ್ಟ ಹಳ್ಳಿಗಳಿವೆ. ಅಲ್ಲಿನ ಸಂಬೂಕಾ ಎಂಬ ಊರಿನ ಆಡಳಿತ 2019ರಲ್ಲಿ ಪಾಳುಮನೆಗಳನ್ನು ಒಂದು ಯೂರೋದ ಆರಂಭ ಬೆಲೆಗೆ ಮಾರಾಟಕ್ಕಿಟ್ಟು ಜಗತ್ತಿನ ಗಮನ ಸೆಳೆಯಿತು. ಷರತ್ತು ಒಂದೇ, ಕೊಂಡವರು ಮೂರು ವರ್ಷಗಳೊಳಗೆ ದುರಸ್ತಿ ಮುಗಿಸಬೇಕು, ಅದಕ್ಕಾಗಿ ಠೇವಣಿಯನ್ನೂ ಇಡಬೇಕು. ಆ ಊರು ಮಾರಿದ್ದು ಮನೆಯನ್ನು ಎನ್ನುವುದಕ್ಕಿಂತ ಮನೆಯ ಹೊಣೆಯನ್ನು ಎಂದರೆ ಹೆಚ್ಚು ಸರಿ.

ಮಣಿಪಾಲದ ದಾರಿಯನ್ನು ಹಳಿಯಬೇಕಾಗಿಲ್ಲ. ಹೊಣೆ ಹೊರುವವರು ಊರಿನಲ್ಲಿ ಇಲ್ಲದಾಗ, ಕಂಬ ಬಾಗಿಲುಗಳು ಸೌದೆಯಾಗುವುದನ್ನು ತಪ್ಪಿಸಲು ಅದು ಉಳಿದ ಕೊನೆಯ ಉಪಾಯ. ಆದರೆ ಬಿಚ್ಚಿ ಒಯ್ದ ಮನೆಯ ಜೊತೆ ಅದರ ಓಣಿ, ನೆರೆಹೊರೆ, ಸವುಳು ಮಣ್ಣಿನ ಗುಂಡಿ, ಆ ಮಣ್ಣನ್ನು ಗುರುತಿಸಬಲ್ಲ ಕೈ ಹೋಗುವುದಿಲ್ಲ. ಅವು ಊರಿನಲ್ಲೇ ಉಳಿದು ಮರೆತುಹೋಗುತ್ತವೆ.

ವಿದ್ಯಾರ್ಥಿ ಮಿತ್ರರೇ, ನೀವು ಈಗ ಮನೆ ಕೊಳ್ಳುವ ವಯಸ್ಸಿನವರಲ್ಲ. ಆದರೆ ನಿಮ್ಮಲ್ಲಿ ಅನೇಕರು ಇಂಥ ಮನೆಗಳ ವಾರಸುದಾರರು. ಹಳೆಯ ಮನೆಯ ಕ್ರಯಪತ್ರದ ಮೇಲೆ ಮುಂದೊಂದು ದಿನ ಬೇಕಾಗುವ ಸಹಿ ನಿಮ್ಮದು, ಹುಡುಗಿಯರೇ, ಇನ್ನು ಮುಂದೆ ನಿಮ್ಮದೂ ಹೌದು. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಓಣಿಯ ಒಂದು ಹಳೆಯ ಮನೆಯನ್ನು ಆರಿಸಿಕೊಂಡು, ಮನೆಯವರ ಒಪ್ಪಿಗೆ ಪಡೆದು, ಅದರ ನಕ್ಷೆ ಬರೆಯಿರಿ. ತೊಲೆ ಯಾವ ಮರದ್ದು, ಮಣ್ಣು ಎಲ್ಲಿಂದ ಬರುತ್ತಿತ್ತು, ಮಾಳಿಗೆಗೆ ಅದನ್ನು ಹೊರುತ್ತಿದ್ದವರು ಯಾರು, ಅವರಿಗೆ ಏನು ಕೊಡುತ್ತಿದ್ದರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಮನೆಯಲ್ಲಿ ದುಡಿದವರ ಮನೆಗೂ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿರಿ. ಎರಡು ಉತ್ತರಗಳೂ ಒಂದೇ ಆಗಿರಲಾರವು. ಆ ಮನೆಯ ಇತಿಹಾಸ ಬರೆಯುವಾಗ ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ.